ಸುಲೇಪೇಟದ ಅಳಿಯಂದಿರ ರಕ್ತ

ಡಾ. ದಾನೇಶ್ವರಿ ಹನ್ನೊಂದು ಸಂಶೋಧನಾ ಲೇಖನಗಳಲ್ಲಿ ಪಾಲುದಾರರು. ಒಂದರಲ್ಲೂ ಅವರ ಹೆಸರು ಮೊದಲಿಲ್ಲ. ನಾಲ್ಕನೆಯದು, ಐದನೆಯದು, ಒಮ್ಮೆಯಂತೂ ‘ಇತರರು’ ಎಂಬ ಪದದೊಳಗೆ. ಕೊನೆಯ ಹೆಸರು ಮಾತ್ರ ಎಲ್ಲದರಲ್ಲೂ ಒಂದೇ: ಅವರ ವಿಭಾಗದ ಮುಖ್ಯಸ್ಥ ಪ್ರೊ. ಸಿದ್ಧಲಿಂಗ. ಲಗ್ನಪತ್ರಿಕೆಯ ಕೆಳಗೆ ಮನೆತನದ ಹಿರಿಯರ ಹೆಸರು ಇರುತ್ತದಲ್ಲ, ಹಾಗೆ. ಮದುವೆಗೆ ಅವರು ಏನು ಮಾಡಿದರೆಂದು ಯಾರೂ ಕೇಳುವುದಿಲ್ಲ.

ದಾನೇಶ್ವರಿ ಸೇಡಂನ ಕಿರಾಣಿ ಅಂಗಡಿಯವರ ಮಗಳು. ಕಲಬುರಗಿಯ ಕಾಲೇಜೊಂದರಲ್ಲಿ ಇಮ್ಯುನಾಲಜಿ ಕಲಿಸುತ್ತಾರೆ. ಮೈ ರೋಗದ ಜತೆ ಹೇಗೆ ಜಗಳಕ್ಕಿಳಿಯುತ್ತದೆ ಎಂಬ ಶಾಸ್ತ್ರ ಅದು. ಹನ್ನೆರಡನೆಯ ಲೇಖನದಲ್ಲಾದರೂ ತಮ್ಮ ಹೆಸರು ಮೊದಲಿರಬೇಕು ಎಂದು ಅವರು ಹಟ ಹಿಡಿದರು. ವಿಷಯವೂ ಅವರದೇ. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವವರ ರಕ್ತದ ಕಣಗಳು ಧೂಳಿಗೆ ಎಷ್ಟು ಕೆರಳಿವೆ ಎಂದು ನೋಡುವುದು, ಧೂಳಿಲ್ಲದ ಊರಿನವರ ರಕ್ತದ ಜತೆ ಹೋಲಿಸುವುದು. ಹೋಲಿಕೆಗೆ ಆರಿಸಿದ ಊರು ಚಿಂಚೋಳಿ ತಾಲೂಕಿನ ಸುಲೇಪೇಟ.

ಶಹಾಬಾದದ ರಕ್ತ ಸುಲಭವಾಗಿ ಸಿಕ್ಕಿತು. ಸುಲೇಪೇಟಕ್ಕೆ ಹೋಗಲು ಕಾಲೇಜಿಗೆ ದೀಪಾವಳಿ ರಜೆ ಬರಬೇಕಾಯಿತು. ಮಹಿಳಾ ಸಂಘದ ಭಾಗಮ್ಮ ಜನರನ್ನು ಸೇರಿಸಿದರು. ಉಚಿತ ರಕ್ತ ಪರೀಕ್ಷೆ, ಆಮೇಲೆ ಉಪ್ಪಿಟ್ಟು, ಬಾಳೆಹಣ್ಣು. ಎಲ್ಲರೂ ಊರಿನವರೇ ತಾನೆ ಎಂದು ದಾನೇಶ್ವರಿ ಕೇಳಿದರು. “ನಮ್ಮವರೇ ಹರ್ರಿ,” ಎಂದರು ಭಾಗಮ್ಮ. ಕಸುಬು? “ಒಕ್ಕಲುತನ.”

ಹೈದರಾಬಾದಿನ ಪ್ರಯೋಗಾಲಯದಲ್ಲಿ ಆ ರಕ್ತವನ್ನು ಯಂತ್ರಕ್ಕೆ ಹಾಕಿದವರು ಫರ್ಹಾನ್, ಶಹಾಬಾದದ ಹತ್ತಿರದ ವಾಡಿಯಲ್ಲಿ ಬೆಳೆದವರು. ಎರಡೂ ಊರಿನ ರಕ್ತ ಒಂದೇ ಸಮ ಕೆರಳಿತ್ತು. ಧೂಳಿಲ್ಲದ ಊರಿನಲ್ಲೂ ಹೀಗಾದರೆ ಕಾರಣ ಧೂಳಲ್ಲ, ಈ ಸೀಮೆಯ ಜನರ ರಕ್ತದಲ್ಲೇ ಏನೋ ವಿಶೇಷವಿದೆ ಎಂದು ಈ ಸಂಶೋಧನೆಯಲ್ಲಿ ಕೈಜೋಡಿಸಿದ್ದ ಜರ್ಮನಿಯ ವಿಜ್ಞಾನಿಗಳು ಕುಣಿದರು. ಹೆಸರಾಂತ ಪತ್ರಿಕೆಯೊಂದು ಲೇಖನವನ್ನು ಒಪ್ಪಿತು. ಮೊದಲ ಹೆಸರು ದಾನೇಶ್ವರಿ.

ಅಚ್ಚಾಗುವ ಮುನ್ನ ಕೆಲಸಗಾರರ ಫೋಟೊ ತೆಗೆಯಲು ಅವರು ಶಹಾಬಾದಕ್ಕೆ ಹೋದರು. ತಲೆಯಿಂದ ಕಾಲಿನವರೆಗೆ ಕಲ್ಲಿನ ಹಿಟ್ಟು ಮೆತ್ತಿಕೊಂಡ ಒಬ್ಬ ಎದುರು ಬಂದು ಕೈಮುಗಿದ.

“ಗುರುತು ಹತ್ತಲಿಲ್ಲೇನ್ರಿ ಡಾಕ್ಟರವ್ವ? ಸುಲೇಪೇಟದಾಗ ರಕ್ತ ತಗೊಂಡಿದ್ರಲ್ರಿ. ಶಾಂತಕುಮಾರ ರೀ, ಭಾಗಮ್ಮನ ಅಳಿಯ.”

“ನೀವು ಇಲ್ಲೇನ್ ಮಾಡಾಕತ್ತೀರಿ?”

“ಇಲ್ಲೇ ಕೆಲಸರಿ, ಭಾಳ ವರ್ಷಾಯ್ತು. ಅವತ್ತ ಹಬ್ಬಕ್ಕ ಅತ್ತಿ ಮನಿಗಿ ಹೋಗಿದ್ದೆ. ನಾ ಒಬ್ಬನೇ ಅಲ್ರಿ, ಅವತ್ತ ರಕ್ತ ಕೊಟ್ಟವರೊಳಗ ಭಾಳ ಮಂದಿ ಇಲ್ಲೇ ಕೆಲಸ ಮಾಡ್ತಾರ. ಏ ಅಂಬಾರಾಯ, ಬಾ ಇಲ್ಲಿ! ನಮ್ಮ ಉಪ್ಪಿಟ್ಟಿನ ಡಾಕ್ಟರವ್ವ ಬಂದಾರ!”

ಇನ್ನೂ ನಾಲ್ಕು ಬಿಳಿ ಆಕೃತಿಗಳು ನಗುತ್ತ ಬಂದವು. ಎಲ್ಲರೂ ಸುಲೇಪೇಟದ ಅಳಿಯಂದಿರು.

ದಾನೇಶ್ವರಿ ಅಲ್ಲೇ ನಿಂತು ಭಾಗಮ್ಮನಿಗೆ ಫೋನ್ ಮಾಡಿದರು.

“ಹಬ್ಬಕ್ಕ ಬಂದ ಅಳಿಯನ್ನ ಹಿಂದ ಕುಂದ್ರಿಸಿ ನಾವು ಮುಂದ ಹೋಗಿ ಕೈ ಚಾಚಬೇಕೇನ್ರಿ?” ಎಂದರು ಭಾಗಮ್ಮ. “ಮಂದಿ ಏನಂದಾರು?”

“ಒಕ್ಕಲುತನ ಅಂದಿದ್ರಲ್ರಿ?”

“ಹೊಲ ಅದ ಅಲ್ರಿ ಅವರಿಗಿ? ನಮ್ಮ ಅಳಿಯ ಕಲ್ಲು ಕೊಯ್ತಾನ ಅಂತ ನಾಕು ಮಂದಿ ಮುಂದ ಯಾವ ಅತ್ತಿ ಹೇಳ್ತಾಳ?”

ಸುದ್ದಿ ಕೇಳಿದ ಫರ್ಹಾನ್ ನಕ್ಕರು. “ಮೇಡಂ, ಧೂಳನ್ನ ಧೂಳಿನ ಜೋಡಿ ತೂಗಿ ಎರಡೂ ಬರಾಬರ್ ಅವ ಅಂತ ಬರದೀವಿ.”

ಸಿದ್ಧಲಿಂಗ ನಗಲಿಲ್ಲ. “ಸುಮ್ನಿರವ್ವ. ಜರ್ಮನಿಯವರು ಸುಲೇಪೇಟಕ್ಕ ಬಂದು ಅಳಿಯಂದಿರ ಗುರುತು ಹಿಡೀತಾರೇನು? ಮೊದಲನೇ ಹೆಸರು ಕೈಬಿಟ್ರ ಮತ್ತ ಸಿಗಂಗಿಲ್ಲ ನೋಡು.”

ಅದು ನಿಜವೆಂದು ದಾನೇಶ್ವರಿಗೂ ಗೊತ್ತಿತ್ತು. ಆದರೆ ಧೂಳು ಏನೂ ಮಾಡುವುದಿಲ್ಲ ಎಂಬ ಮಾತು ಶಾಂತಕುಮಾರನ ರಕ್ತದ ಸಾಕ್ಷಿಯೊಂದಿಗೆ ಅಚ್ಚಾಗುವುದಿತ್ತು. ಅವರು ಲೇಖನ ಹಿಂಪಡೆಯುವ ಪತ್ರ ಬರೆದರು. ಅದರಲ್ಲಿ ತಮ್ಮ ಹೆಸರು ಬೇಡವೆಂದು ಸಿದ್ಧಲಿಂಗ ಕೇಳಿಕೊಂಡರು. ವೃತ್ತಿಯುದ್ದಕ್ಕೂ ಅವರು ತಾವಾಗಿ ಬಿಟ್ಟುಕೊಟ್ಟ ಹೆಸರು ಅದೊಂದೇ.

ಮುಂದಿನ ಮಳೆಗಾಲ, ಹಬ್ಬವೂ ಇಲ್ಲದ ಅಮಾವಾಸ್ಯೆಯೂ ಇಲ್ಲದ ಒಂದು ದಿನ ದಾನೇಶ್ವರಿ ಹೇಳದೆ ಕೇಳದೆ ಸುಲೇಪೇಟದಲ್ಲಿ ಇಳಿದರು. “ಮನ್ಯಾಗ ಯಾರೂ ಇಲ್ರೀ, ನಾವಷ್ಟ ಅದೀವಿ,” ಎಂದು ಭಾಗಮ್ಮ ಪೇಚಾಡಿದರು. ಆ ‘ನಾವಷ್ಟ’ರ ರಕ್ತ ಹೈದರಾಬಾದಿಗೆ ಹೋಯಿತು. ತಣ್ಣಗಿತ್ತು. ಕೆರಳಿದ್ದು ಶಹಾಬಾದದ್ದು ಮಾತ್ರ. ಇದರಲ್ಲಿ ಹೊಸತೇನಿದೆ ಎಂದು ದೊಡ್ಡ ಪತ್ರಿಕೆ ತಿರಸ್ಕರಿಸಿತು, ಜರ್ಮನಿಯವರು ತಣ್ಣಗಾದರು. ಸಣ್ಣ ಪತ್ರಿಕೆಯೊಂದು ಅಚ್ಚು ಹಾಕಿತು. ಮೊದಲ ಹೆಸರು ದಾನೇಶ್ವರಿ, ಎರಡನೆಯದು ಫರ್ಹಾನ್. ಲೇಖನ ಒಪ್ಪಿಗೆಯಾದ ದಿನವೇ ಫೋನ್ ಮಾಡಿದ ಸಿದ್ಧಲಿಂಗ ಕೊನೆಯಲ್ಲಿ, ತಮ್ಮ ಎಂದಿನ ಜಾಗದಲ್ಲಿ.

ಅದರ ಒಂದು ಪ್ರತಿಯನ್ನು ದಾನೇಶ್ವರಿ ಭಾಗಮ್ಮನಿಗೆ ಒಯ್ದು ಕೊಟ್ಟರು. ಅವರು ಅದನ್ನು ತಿರುವಿ ತಿರುವಿ ನೋಡಿದರು.

“ಇದರಾಗ ನಮ್ಮ ಅಳಿಯಂದಿರ್ನ ಹಾಕೀರೇನ್ರಿ?”

“ಅವರನ್ನ ತೆಗಿಲಿಕ್ಕೇ ಒಂದ್ ವರ್ಷ ಹಿಡೀತ್ರಿ,” ಎಂದರು ದಾನೇಶ್ವರಿ.