ಕಾವಲಿಯ ಮುಂದೆ ಬೇಬಕ್ಕ

ಮೇ ತಿಂಗಳ ಭಾನುವಾರ, ಬೆಳಗಿನ ನಾಲ್ಕೂವರೆ. ಚೆನ್ನೈನ ಮೈಲಾಪೂರಿನಲ್ಲಿ ಕೊಳದ ಹಿಂದಿನ ಗಲ್ಲಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಅಲ್ಲಿನ ಸಸ್ಯಾಹಾರಿ ಹೋಟೆಲೊಂದರ ಹಿತ್ತಲ ಕೋಣೆಯಲ್ಲಿ ಬೇಬಿ ದೋಸೆ ಹಿಟ್ಟಿನ ಹಂಡೆಯ ಮುಚ್ಚಳ ಸರಿಸಿ ಮೊದಲು ಮೂಗು ಒಡ್ಡುತ್ತಾರೆ, ಆಮೇಲೆ ಕಿವಿ. ಒಳಗೆ ಗುಳ್ಳೆಗಳು ಒಡೆಯುವ ಸಣ್ಣ ಸದ್ದು.

"ಮಾತಾಡ್ತಾ ಉಂಟು," ಎಂದು ನಗುತ್ತಾರೆ. "ಸೆಕೆಗಾಲದಲ್ಲಿ ಇದಕ್ಕೆ ಅವಸರ ಜಾಸ್ತಿ ಮಾರಾಯ್ರೆ. ಇನ್ನೊಂದು ಗಂಟೆ ಬಿಟ್ರೆ ಹುಳಿ ಬಂದು ಜಗಳಕ್ಕೇ ನಿಲ್ತದೆ."

ಮಾತು ಹಗುರವಾಗಿದ್ದರೂ ಇವತ್ತು ಅವರ ಕೈ ಸುಮ್ಮನಿಲ್ಲ. ಸೆರಗಿಗೆ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಾರೆ. ಹೋಟೆಲಿನ ಹಳೆಯ ದೋಸೆ ಮಾಸ್ಟರ್ ಐತಪ್ಪ ಈ ತಿಂಗಳು ಕೆಲಸ ಬಿಡುತ್ತಿದ್ದಾರೆ. ಆ ಜಾಗ ತನಗೆ ಬೇಕು ಎಂದು ಬೇಬಿ ಬಾಯಿಬಿಟ್ಟು ಕೇಳಿದ್ದಾರೆ. ಆರೂವರೆಗೆ ಅವರ ಪರೀಕ್ಷೆ.

ಪರೀಕ್ಷೆಯ ಕ್ರಮ ಈ ಹೋಟೆಲಿನಷ್ಟೇ ಹಳೆಯದು. ಹೊಸಬ ಮೊದಲ ದೋಸೆ ಹುಯ್ಯಬೇಕು. ಹಳಬ ಅದನ್ನು ಎಲ್ಲರೆದುರು ಚಟ್ನಿಯಿಲ್ಲದೆ ತಿನ್ನಬೇಕು. ತಟ್ಟೆ ಖಾಲಿಯಾದರೆ ಸಟ್ಟುಗ ಹೊಸಬನ ಕೈಗೆ. ತುಂಡು ಉಳಿದರೆ ಬಂದ ದಾರಿಗೆ ಸುಂಕವಿಲ್ಲ. ಐವತ್ತು ವರ್ಷದಲ್ಲಿ ಐದು ಜನ ಹೀಗೆ ಮಾಸ್ಟರ್ ಆಗಿದ್ದಾರೆ, ಐವರೂ ಗಂಡಸರು.

ಕಾರ್ಕಳದ ಕಡೆಯ ಬೇಬಿ ಇಲ್ಲಿಗೆ ಬಂದು ಹನ್ನೊಂದು ವರ್ಷ. ಗಂಡ ಸಂತೋಷ್ ಇನ್ನೊಂದು ಹೋಟೆಲಿನಲ್ಲಿ ಸಪ್ಲೈಯರ್. ಮಗಳು ವೀಕ್ಷಾ ಎಂಟನೇ ಕ್ಲಾಸು. ಅಮ್ಮ ಕನ್ನಡದಲ್ಲಿ ಗದರಿದರೆ ತಮಿಳಿನಲ್ಲಿ ತಿರುಗಿ ಗದರುತ್ತಾಳೆ. ಬೇಬಿಯ ಕೆಲಸ ಬೆಳಗಿನ ನಾಲ್ಕರಿಂದ ಮಧ್ಯಾಹ್ನ ಎರಡು, ಮತ್ತೆ ಮೂರರಿಂದ ರಾತ್ರಿ ಎಂಟು. ಹೋಟೆಲಿಗೆ ದಿನಕ್ಕೆ ನಲವತ್ತು ಕಿಲೋ ಅಕ್ಕಿ, ಹತ್ತು ಕಿಲೋ ಉದ್ದು, ನೂರು ತೆಂಗಿನಕಾಯಿ. ನೆನೆಸು, ತೊಳೆ, ರುಬ್ಬು, ಎತ್ತು; ಮಧ್ಯಾಹ್ನದ ಮೇಲೆ ಪಾತ್ರೆ ಉಜ್ಜು. ಹಿತ್ತಲಲ್ಲಿ ಹೀಗೆ ದುಡಿಯುವ ಹೆಂಗಸರು ಒಟ್ಟು ಹನ್ನೆರಡು.

ಈ ಹನ್ನೆರಡೂ ಜನರಿಗೆ ಹೋಟೆಲಿನ ಪುಸ್ತಕದಲ್ಲಿ ಹುದ್ದೆಯಿಲ್ಲ. ಮಾಸ್ಟರ್, ಸಪ್ಲೈಯರ್, ಕ್ಯಾಷಿಯರ್, ಕೊನೆಗೆ ಮೇಜು ಒರೆಸುವ ಕ್ಲೀನರ್ ಕೂಡ ಹುದ್ದೆಯೇ. ರುಬ್ಬುವುದು ಮಾತ್ರ ಹುದ್ದೆಯಲ್ಲ, "ಕೈಸಹಾಯ". ಹುದ್ದೆ ಇಲ್ಲದವರಿಗೆ ಹೋಟೆಲ್ ಕೆಲಸಗಾರರ ಸಂಘದ ಕಾರ್ಡಿಲ್ಲ. ಕಾರ್ಡಿಲ್ಲದವರಿಗೆ ಓಟಿಲ್ಲ, ಸಂಬಳದ ಮಾತುಕತೆಯಲ್ಲಿ ಬಾಯಿಲ್ಲ. ಮಹಾನಗರ ಪಾಲಿಕೆಯಲ್ಲಿ ಅರ್ಧ ಕುರ್ಚಿ ಹೆಂಗಸಿಗೆ ಮೀಸಲಿಟ್ಟ ಊರಿದು; ಅದೇ ಊರಿನ ಅಡುಗೆಮನೆಯಲ್ಲಿ ದೋಸೆ ಕಾವಲಿಯ ಮುಂದೆ ಅವಳಿಗೆ ಎರಡಡಿ ನೆಲವಿಲ್ಲ. ಜಗತ್ತಿನ ಎಲ್ಲ ಮನೆಗಳಲ್ಲೂ ಅಡುಗೆ ಅವಳದ್ದೇ, ಅದಕ್ಕೆ ಸಂಬಳ ಹುಟ್ಟಿದ ಗಳಿಗೆಯಿಂದ ಅವಳು ಹೊರಗೆ. ಇದನ್ನು ಸಂಪ್ರದಾಯ ಎನ್ನುವವರು ಒಮ್ಮೆ ಉದ್ದಿನ ಹಂಡೆ ಎತ್ತಿ ನೋಡಲಿ.

"ನನ್ನ ಓಟು ನಿನ್ನದೂ ಹೌದಲ್ಲವಾ ಅಂತ ಇವರು ಹೇಳ್ತಾರೆ," ಎಂದು ಬೇಬಿ ಗಂಡನ ಕಡೆ ಕೈ ತೋರಿಸುತ್ತಾರೆ. ಸಂತೋಷ್ ರಜೆ ಹಾಕಿ ಪರೀಕ್ಷೆ ನೋಡಲು ಬಂದಿದ್ದಾರೆ. "ಹಾಗಾದ್ರೆ ನನ್ನ ಸೊಂಟನೋವೂ ನಿಮ್ಮದೇ, ಎರಡು ದಿವಸ ಹೊತ್ತು ನೋಡಿ ಅಂದೆ!"

"ಹೋಯ್, ಪೇಪರಿನವರ ಎದುರು ಮರ್ಯಾದೆ ತೆಗಿಬೇಡ," ಎನ್ನುತ್ತಲೇ ಸಂತೋಷ್ ನಗುತ್ತಾರೆ.

ಐತಪ್ಪನಿಗೆ ಅರವತ್ತೆರಡು. ಕಳೆದ ದೀಪಾವಳಿಯ ಹೊತ್ತಿಗೆ ಅವರ ಬಲ ಮಣಿಕಟ್ಟು ಊದಿಕೊಂಡಿತು. ಮುಂದಿನ ದೊಡ್ಡ ಕಾವಲಿಯನ್ನು ಹೇಗೋ ನಿಭಾಯಿಸಿದರು. ದಿನದ ನೂರಿಪ್ಪತ್ತು ಪಾರ್ಸೆಲ್ ದೋಸೆ ಮಾತ್ರ ಸಾಗಲಿಲ್ಲ. ಆಗ ಹಿತ್ತಲಲ್ಲೊಂದು ಚಿಕ್ಕ ಕಾವಲಿ ಹೂಡಿ, ಗಿರಾಕಿಗೆ ಕಾಣದ ಹಾಗೆ ಬೇಬಿಯ ಕೈಲಿ ಹುಯ್ಯಿಸಿದರು. ಏಳು ತಿಂಗಳಲ್ಲಿ ಇಪ್ಪತ್ತೈದು ಸಾವಿರ ದೋಸೆ. ಹೆಸರು ಐತಪ್ಪನದು. ಧಣಿ ಭೋಜರಾಜರಿಗೂ ಇದು ಗೊತ್ತಿಲ್ಲ.

ಬೇಬಿ ಮಾಸ್ಟರ್ ಜಾಗ ಕೇಳಿದಾಗ ಐತಪ್ಪ ತಲೆ ತಗ್ಗಿಸಿ ಹೇಳಿದ್ದು ಒಂದೇ: "ತಿಂಗಳಿಗೆ ಮೂರು ದಿವಸ ಎಂತ ಮಾಡ್ತಿ ನೀನು? ಕಾವಲಿಗೆ ಮಡಿ ಉಂಟು."

"ಆ ಮೂರು ದಿವಸ ರುಬ್ಬಿದ್ದು ಯಾರು ಐತಪ್ಪಣ್ಣ?" ಎಂದರಂತೆ ಬೇಬಿ. "ಹನ್ನೊಂದು ವರ್ಷದಿಂದ ನೀವು ಹುಯ್ದದ್ದು ಅದೇ ಹಿಟ್ಟು. ರುಬ್ಬಿದ ಕೈಗೆ ಇಲ್ಲದ ಮೈಲಿಗೆ ಹುಯ್ಯುವ ಕೈಗೆ ಎಲ್ಲಿಂದ ಬಂತು?"

ಐತಪ್ಪ ಸೌಟು ಎತ್ತಿಕೊಂಡು ಮುಂದಿನ ಕಾವಲಿಯ ಕಡೆ ನಡೆದರಂತೆ.

ಆರೂವರೆ. ಹೋಟೆಲು ತುಂಬಿದೆ. ಬಾಗಿಲ ಬಳಿಯ ಮೇಜಿನಲ್ಲಿ ಮಧುಸೂದನ್ ಕುಳಿತಿದ್ದಾರೆ. ರೈಲ್ವೆಯಿಂದ ನಿವೃತ್ತರಾದ ಮೈಸೂರು ಕಡೆಯವರು, ಮೂವತ್ತು ವರ್ಷದ ಗಿರಾಕಿ. ಗಲ್ಲಾದ ಹಿಂದೆ ಧಣಿ ಕೈಕಟ್ಟಿ ನಿಂತಿದ್ದಾರೆ. ನಗರದಂಚಿನ ಮಾಧವರಂ ಕಡೆಯಿಂದ ಒಬ್ಬ ಗಂಡು ಮಾಸ್ಟರನ್ನು ಅವರು ಆಗಲೇ ನೋಡಿಟ್ಟಿದ್ದಾರೆ ಎಂದು ಸಪ್ಲೈಯರುಗಳು ಪಿಸುಗುಟ್ಟುತ್ತಾರೆ.

ಬೇಬಿ ದೊಡ್ಡ ಕಾವಲಿಯ ಮುಂದೆ ನಿಲ್ಲುತ್ತಾರೆ. ನೀರು ಚಿಮುಕಿಸಿ ತೆಂಗಿನಕಡ್ಡಿಯ ಹಿಡಿಸೂಡಿಯಲ್ಲಿ ಗುಡಿಸುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ. ಅರವತ್ತು ಕಣ್ಣು ಬೆನ್ನ ಮೇಲೆ. ಸೌಟು ಎತ್ತುತ್ತಾರೆ. ಗಾಬರಿಯಾದರೆ ಕೈ ತವರಿಗೆ ಓಡುತ್ತದೆ ನೋಡಿ: ಕಾವಲಿಯ ನಡುವೆ ಹುಯ್ದು ಹೊರಕ್ಕೆ ಹರಡಬೇಕಾದ ಮಸಾಲೆ ದೋಸೆಯ ಹಿಟ್ಟನ್ನು, ತವರಿನ ನೀರುದೋಸೆಯ ಹಾಗೆ ಅಂಚಿನಿಂದ ಒಳಕ್ಕೆ ಬೀಸಿ ಎರಚಿಬಿಡುತ್ತಾರೆ. ನೀರುದೋಸೆಯ ತೆಳು ಹಿಟ್ಟಾದರೆ ತಾನೇ ಹರಿದು ಕೂಡಿಕೊಳ್ಳುತ್ತಿತ್ತು. ಉದ್ದಿನ ದಪ್ಪ ಹಿಟ್ಟು ಅಲ್ಲಲ್ಲೇ ಗಂಟು ಕಟ್ಟಿ ಕೂತಿತು, ನಡುವೆ ದೊಡ್ಡ ತೂತು.

ಯಾರೋ ಕಿಸಕ್ಕೆಂದರು. "ಅಕ್ಕ, ಇದು ದೋಸೆಯಾ, ಉದ್ದಿನ ವಡೆಯಾ?"

"ಆಯ್ತಲ್ಲ, ನೋಡಿದ್ರಲ್ಲ," ಎಂದರು ಭೋಜರಾಜ. "ಮೊದಲನೇದು ಅಂದ್ರೆ ಮೊದಲನೇದು. ಬೇಬಿ, ನೀನು ಒಳಗೆ ನಡಿ. ಬೇಜಾರು ಮಾಡ್ಬೇಡ."

ಬೇಬಿ ಒಳಗೆ ನಡೆಯಲಿಲ್ಲ, ಅಳಲೂ ಇಲ್ಲ. ಕೆಟ್ಟ ದೋಸೆಯನ್ನು ಕೆರೆದು ತೆಗೆದು ನಿಂತಲ್ಲೇ ತಾನೇ ತಿಂದರು. "ಉಪ್ಪು ಸರಿ ಉಂಟು," ಎಂದರು. "ಕೈ ತಪ್ಪಿದ್ದು ಹೌದು. ಇನ್ನೊಂದು ಹುಯ್ತೇನೆ ಧಣಿ."

"ಕ್ರಮ ಅಂದ್ರೆ ಕ್ರಮ."

ಆಗ ಹಿತ್ತಲಿನ ಗ್ರೈಂಡರುಗಳ ಗರಗರ ಒಂದೊಂದಾಗಿ ನಿಂತಿತು. ಭಾನುವಾರದ ಆ ಹೊತ್ತಿನಲ್ಲಿ ಅಂಥ ಮೌನವನ್ನು ಆ ಹೋಟೆಲು ಕಂಡದ್ದೇ ಇಲ್ಲ. ಹನ್ನೊಂದು ಹೆಂಗಸರು ಒದ್ದೆ ಕೈಗಳಲ್ಲೇ ಮುಂದಿನ ಬಾಗಿಲಿಗೆ ಬಂದು ನಿಂತರು. ಎಲ್ಲರಿಗಿಂತ ಹಿರಿಯರಾದ ಲೀಲಮ್ಮ ಸೊಂಟಕ್ಕೆ ಕೈ ಕೊಟ್ಟರು.

"ಧಣಿ, ಕಾವಲಿ ನಿಮ್ಮದೇ ಇರ್ಲಿ. ಹಿಟ್ಟು ರುಬ್ಬಿದ್ದು ನಾವು ಅಲ್ವಾ? ಹಂಡೆ ಮುಚ್ಚಿದ್ದೇವೆ. ಬೇಬಕ್ಕ ಇನ್ನೊಂದು ಹುಯ್ಯುವ ತನಕ ಅದು ಮುಚ್ಚಿಯೇ ಇರ್ತದೆ. ಮಾಧವರಂನವರು ಬರುವಾಗ ಹಿಟ್ಟೂ ತಕ್ಕೊಂಡೇ ಬರ್ಲಿ."

ಹೊಟ್ಟೆ ಹಸಿದವರಿಗೆ ಇದಕ್ಕಿಂತ ದೊಡ್ಡ ರಾಜಕೀಯವಿಲ್ಲ. ಮಧುಸೂದನ್ ಮೇಜು ಕುಟ್ಟಿದರು. "ಏನ್ರೀ ಭೋಜರಾಜ್, ಯಾರಾದ್ರೂ ಹಾಕ್ರೀ, ಸೀಕ್ರಂ, ಬೇಗ ಹಾಕಿ! ಇಲ್ದಿದ್ರೆ ಐತಪ್ಪನ ಕೈಯಿಂದ ಒಂದು ಪಾರ್ಸೆಲ್ ಕಟ್ಟಿಸಿ, ನಾನು ಮನೇಲಿ ತಿಂತೀನಿ. ಇಲ್ಲಿ ತಟ್ಟೆಗೆ ಹಾಕೋ ದೋಸೆಗಿಂತ ನಿಮ್ಮ ಪಾರ್ಸೆಲ್ಲೇ ಈಗ ಒಸತ್ತಿ, ಒಳ್ಳೇ ರುಚಿ, ಎಷ್ಟು ಸಲ ಹೇಳಿದೀನಿ!"

ಐತಪ್ಪ ಗೋಡೆಗೊರಗಿ ನಿಂತಿದ್ದರು. ಸುಮ್ಮನಿದ್ದರೆ ಮೂವತ್ತು ವರ್ಷದ ಹೆಸರು ಹೊತ್ತು ಊರಿಗೆ ಹೋಗಬಹುದಿತ್ತು. ಅವರು ಊದಿದ ಮಣಿಕಟ್ಟನ್ನು ಎತ್ತಿ ಹಿಡಿದರು.

"ಸಾರ್, ಆ ಪಾರ್ಸೆಲ್ ನನ್ನದಲ್ಲ," ಎಂದರು. "ದೀಪಾವಳಿಯಿಂದ ಇವಳದ್ದೇ. ನೀವು ಹೊಗಳಿದಾಗೆಲ್ಲ ನಾನು ತಲೆ ಆಡಿಸಿದೆ, ನಾಚಿಕೆಯಾಗ್ತದೆ. ಧಣಿ, ಪರೀಕ್ಷೆ ಆಗಿ ಏಳು ತಿಂಗಳಾಯ್ತು. ಬೇಬಿ, ಹುಯ್ಯಿ. ನನಗೆ ಹಸಿವಾಗ್ತದೆ."

ಭೋಜರಾಜ ಗಿರಾಕಿಗಳನ್ನು ನೋಡಿದರು, ಹನ್ನೊಂದು ಹೆಂಗಸರನ್ನು ನೋಡಿದರು, ಗಡಿಯಾರ ನೋಡಿದರು. "ಹುಯ್ಯಿ ಮಾರಾಯ್ತಿ," ಎಂದರು.

ಈ ಸಲ ಸೌಟು ನಡುವಿನಿಂದ ಹೊರಟು ಸುತ್ತುತ್ತಾ ಸುತ್ತುತ್ತಾ ಅಂಚು ಮುಟ್ಟಿತು. ಕೆಂಪಗೆ, ಗರಿಗರಿಯಾಗಿ ಎದ್ದ ದೋಸೆಯನ್ನು ಐತಪ್ಪ ನಿಂತುಕೊಂಡೇ ತಿಂದರು, ಚಟ್ನಿಯಿಲ್ಲದೆ. ಉದುರಿದ ಚೂರನ್ನೂ ಬೆರಳಿಗೆ ಅಂಟಿಸಿ ಬಾಯಿಗಿಟ್ಟರು. ಖಾಲಿ ತಟ್ಟೆಯನ್ನು ಎತ್ತಿ ತೋರಿಸಿ, ಸಟ್ಟುಗವನ್ನು ಎಡಗೈಯಿಂದ ಬೇಬಿಗೆ ಕೊಟ್ಟರು, ಊದಿದ ಬಲಗೈಗೆ ಹಿಡಿತ ಸಿಗಲಿಲ್ಲ. ಲೀಲಮ್ಮ ಹಾಕಿದ ಕೂಗಿಗೆ ಗಲ್ಲಿಯ ನಾಯಿಗಳು ಎದ್ದು ಕೂತವು. ಸಂತೋಷ್ ಅಭ್ಯಾಸಬಲದಿಂದ ಹೆಗಲಿಗೆ ಬಟ್ಟೆ ಏರಿಸಿ ಅಪರಿಚಿತ ಮೇಜುಗಳಿಗೆ ದೋಸೆ ಹೊತ್ತು ಓಡತೊಡಗಿದರು. ಹನ್ನೊಂದು ಗಂಟೆಯ ಹೊತ್ತಿಗೆ ನಾನೂರು ದೋಸೆ ಎದ್ದಿವೆ, ಒಂದೂ ವಾಪಸು ಬಂದಿಲ್ಲ.

ಬಿಡುವಾದ ಮೇಲೆ ಭೋಜರಾಜ ಪುಸ್ತಕ ತೆರೆಯುತ್ತಾರೆ. "ಬೇಬಿ, ದೋಸೆ ಮಾಸ್ಟರ್" ಎಂದು ಬರೆದು ಕೆಳಗೆ ಸಹಿ ಹಾಕುತ್ತಾರೆ. ಸಂಘದ ಚುನಾವಣೆ ಬರುವ ತಿಂಗಳು; ಕಾರ್ಡು ಅಷ್ಟರೊಳಗೆ ಬರುತ್ತದೆ. ಉಳಿದ ಹನ್ನೊಂದು ಜನಕ್ಕೂ ಹುದ್ದೆ ಕೇಳಬೇಕೆಂದು ಲೀಲಮ್ಮ ಆಗಲೇ ಶುರುಮಾಡಿದ್ದಾರೆ. ಬೇಬಿ ಬಕೆಟ್ಟು ಬೋರಲು ಹಾಕಿ ಕುಳಿತು, ಬೆಳಗಿನಿಂದ ಮೊದಲ ಸಲ ಕಾಫಿ ಕುಡಿಯುತ್ತಿದ್ದಾರೆ. ಸಂಘದ ಸಭೆಯಲ್ಲಿ ಮೊದಲು ಏನು ಕೇಳುತ್ತೀರಿ ಎಂದರೆ, ಯೋಚಿಸಲು ಒಂದು ಗುಟುಕು ತೆಗೆದುಕೊಳ್ಳುತ್ತಾರೆ.

"ದೊಡ್ಡದೆಂತ ಇಲ್ಲ. ಮೀಟಿಂಗು ಯಾವಾಗ್ಲೂ ಮಧ್ಯಾಹ್ನ ಮೂರಕ್ಕೆ. ಗಂಡಸರಿಗೆ ಅದು ನಿದ್ದೆ ಮುಗಿಯುವ ಹೊತ್ತು, ನಮಗೆ ಪಾತ್ರೆ ರಾಶಿಯ ಹೊತ್ತು. ನಾನು ಎದ್ದು ನಿಂತು ಕೇಳ್ತೇನೆ: ಮೀಟಿಂಗಿನ ದಿವಸ ಪಾತ್ರೆ ತೊಳಿಯುವವರು ಯಾರು, ಹೆಸರು ಕೊಡಿ. ಅದಕ್ಕೆ ಉತ್ತರ ಬರುವ ತನಕ ನಾನು ಕೂತ್ಕೊಳ್ಳುವುದಿಲ್ಲ. ನಿಂತು ನನಗೆ ಅಭ್ಯಾಸ ಉಂಟು."