ಮೊಳದುದ್ದದ ಲೆನ್ಸ್

ರೀಲ್ ಕ್ಯಾಮೆರಾ ಕಾಲದ ಮಾತು. ನಮ್ಮ ಮನಿಯವರು ದಾಂಡೇಲಿ ಪೇಪರ್ ಮಿಲ್ಲಿನಾಗ ಕೆಲಸಕ್ಕಿದ್ರು. ಬಂಗೂರನಗರದ ಕ್ವಾರ್ಟರ್ಸಿನಾಗ ನಾವಿಬ್ಬರ, ಮಕ್ಕಳಿಲ್ಲ. ಧಾರವಾಡದಿಂದ ಬಂದ ನನಗ ಆ ಊರಾಗ ಮಾತಾಡಾಕ ಇದ್ದವರು ಅವರೊಬ್ಬರ. ಅವರಿಗೋ, ಮಂಗಟ್ಟೆ ಹಕ್ಕಿ ಹುಚ್ಚು! ಐತವಾರ ಬಂತಂದ್ರ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಕಾಡಿನ ಕಡೆ ಕುಂಬಾರವಾಡದ ಬಸ್ ಹತ್ತಿಬಿಡ್ತಿದ್ರು. ಇಬ್ಬರಿಗಂತ ಮಾಡಿದ ಸಾರು ನಾ ಒಬ್ಬಾಕಿನ ಉಣ್ಣತಿದ್ದೆ.

ಕಾಡಿನ ಹಕ್ಕಿ ಹತ್ರ ಬರಂಗಿಲ್ಲಂತ ಒಂದ್ ವರ್ಷ ಮೊಳದುದ್ದದ ಲೆನ್ಸ್ ತಂದ್ರು. ರೊಕ್ಕ ಸಾಲಲಿಲ್ಲಂತ ಕ್ಯಾಮೆರಾ ಜೋಡಿ ಬಂದಿದ್ದ ಸಣ್ಣ ಲೆನ್ಸ್ ಮಾರಿಬಿಟ್ಟಿದ್ರು. ಅಯ್ಯ ಶಿವನ, ಮನಿ ಮಂದಿ ಫೋಟೊ ತಗಿಯೂದು ಆ ಸಣ್ಣದ್ರಾಗ ಅಲ್ಲೇನ್ರಿ! ದೊಡ್ಡದಕ್ಕ ಎದುರಿಗೆ ಕುಂತವರು ಬರೀ ಮಸಕ.

"ನಂದೊಂದು ತಗೀರಿ" ಅಂದೆ. ಕಣ್ಣಿಗೆ ಕ್ಯಾಮೆರಾ ಹಚ್ಚಿ "ಹಿಂದ ಸರಿ" ಅಂದ್ರು. ಸರದೆ. "ಇನ್ನೂ ಹಿಂದ." ಪಡಸಾಲಿ ದಾಟಿ, ಮೆಟ್ಟಿಲಿಳಿದು, ಅರಿವಿ ಒಣಹಾಕೂ ಹಗ್ಗದ ತನಕ ಹೋದೆ.

"ಹಿಂಗ ಹಿಂದ ಹಿಂದ ಹೋಗಿ ತವರಮನಿ ಮುಟ್ಟತೇನಿ ನೋಡ್ರಿ" ಅಂದ್ರ ನಕ್ಕರು. ನನಗ ನಗಿನೂ ಬಂತು, ಸಿಟ್ಟೂ ಬಂತು. ನನಗ ಬೇಕಾಗಿದ್ದು ಇಬ್ಬರೂ ಕೂಡಿ ಕುಂತ ಒಂದ್ ಫೋಟೊ. ಸ್ಟುಡಿಯೋಕ್ಕರ ಹೋಗೂಣು ಬರ್ರಿ ಅಂದ್ರ, "ಮನ್ಯಾಗ ಇಂಥಾ ಕ್ಯಾಮೆರಾ ಇಟ್ಕೊಂಡು ರೊಕ್ಕ ಕೊಟ್ಟು ತಗಸ್ಕೊಳ್ಳೂದನ? ದೀಪಾವಳಿ ಬೋನಸ್ಸಿಗೆ ಸಣ್ಣ ಲೆನ್ಸ್ ತರ್ತೇನಿ ಬಿಡ" ಅಂತಿದ್ರು. ಬೋನಸ್ ಬಂತು, ಮೂರು ಕಾಲಿನ ಸ್ಟ್ಯಾಂಡ್ ಬಂತು. ಮುಂದಿನ ಬೋನಸ್ಸಿಗೆ ಮಳಿಗೆ ತೊಯ್ಯದ ಬ್ಯಾಗು. ಹಕ್ಕಿಗೆ ಸವತಿ ಅನ್ನಾಕ ಬರತದೇನ್ರಿ? ನಾ ಅಂದೇನಿ.

ಒಂದಿನ ಮುಂಜಾನೆ ಪಡಸಾಲಿ ಕುರ್ಚಿ ಮ್ಯಾಲ ಚಾ ಕುಡಕೋತ ಎದಿ ಹಿಡ್ಕೊಂಡವರು ಮತ್ತ ಏಳಲಿಲ್ಲ.

ಕ್ವಾರ್ಟರ್ಸ್ ಬಿಡೂದು ಬಂತು. ಅವರ ಕ್ಯಾಮೆರಾ ಸಾಮಾನು ಮಾರಾಕಂತ ಹಳಿಯಾಳದ ಸ್ಟುಡಿಯೋದವನ ಕಡೆ ಹೋದೆ. ಸುತ್ತಲಿನ ಮದಿವಿ ಫೋಟೊ ಎಲ್ಲಾ ಅವನ ತಗೀತಿದ್ದ. ಅವನ ಕಡೆ ಇದ್ದದ್ದು ಬಣ್ಣ ಹೋದ ಒಂದ ಕ್ಯಾಮೆರಾ. ಲೆನ್ಸ್ ಎತ್ತಿ ನೋಡಿ, ಎರಡೂ ಕೈಯಿಂದ ವಾಪಸ್ ಕೊಟ್ಟ.

"ಭಾರೀ ಮಾಲ್ ಐತ್ರೀ ಅಕ್ಕಾರ. ಆದ್ರ ಹೊಟ್ಟಿ ತುಂಬಸೂ ಸಾಮಾನಿಗಷ್ಟ ನಾ ರೊಕ್ಕ ಹಾಕೂದು. ಮಂಟಪದಾಗ ಇಷ್ಟು ದೂರ ನಿಲ್ಲಾಕ ಜಾಗಾ ಎಲ್ಲೈತಿ? ನಾವು ಮಂದಿ ಹತ್ರನ ನಿಂತು ತಗೀಬೇಕು."

ಹತ್ರ ಅನ್ನೂ ಆ ಮಾತಿಗೆ ಅಲ್ಲೇ ಅಳು ಬಂತು. ಅವಂಗ ಏನೂ ತಿಳೀಲಿಲ್ಲ, ಪಾಪ, ನೀರು ತಂದುಕೊಟ್ಟ.

ಮನಿಗೆ ಬಂದು ಮೊದಲ ಸಲ ನಾನ ಆ ಕ್ಯಾಮೆರಾ ಕಣ್ಣಿಗೆ ಹಚ್ಚಿದೆ. ಪಡಸಾಲಿಯೊಳಗಿನ ಅವರ ಕುರ್ಚಿ ಮಸಕ ಕಾಣ್ತು. ಲೆನ್ಸ್ ಎಷ್ಟು ತಿರುವಿದ್ರೂ ಅಷ್ಟ. ಹಿಂದ ಸರದೆ. ಇನ್ನೂ ಹಿಂದ. ಮೆಟ್ಟಿಲಿಳಿದು, ಅರಿವಿ ಹಗ್ಗಕ್ಕ ಬೆನ್ನು ತಾಗಿದ ಮ್ಯಾಲ ಕುರ್ಚಿ ಸಾಫ್ ಆತು. ಅವರು ಕೈ ಇಟ್ಟು ಇಟ್ಟು ನುಣ್ಣಗಾದ ಕಟಗಿ ಸೈತ ಕಾಣ್ತು.

"ಕುಂದರ್ರಿ, ನಿಮ್ದೊಂದು ತಗೀತೇನಿ" ಅಂದೆ. ಯಾರಿಗಂದೆ?