ಸೂಜಿ ಕಂಬಗಳ ಹೆದ್ದಾರಿ

ಎರಡು ಹೆದ್ದಾರಿಗಳು ಒಂದರ ಮೇಲೊಂದು ಹತ್ತಿ, ಬಳುಕಿ, ಸುತ್ತಿ ಇಳಿದು, ಎಲ್ಲೂ ಡಿಕ್ಕಿ ಹೊಡೆಯದೆ ನಾಲ್ಕು ದಿಕ್ಕಿಗೆ ಓಡುವ ಆ ದೈತ್ಯ ಜಂಕ್ಷನ್ ನೆಲದ ಮೇಲೆ ಏಳುವ ಎಷ್ಟೋ ಮೊದಲೇ, ಪುಟಾಣಿ ಮೇಸ್ತ್ರಿಯ ಅಡುಗೆಮನೆ ಮೇಜಿನ ಮೇಲೆ ಎದ್ದು ನಿಂತಿತ್ತು!

ಮೇಸ್ತ್ರಿ ಅಂದರೆ ಗಾರೆ ಕಲಸುವವನಲ್ಲ. ಎಂಜಿನಿಯರುಗಳ ನಕ್ಷೆ ನೋಡಿ ರಟ್ಟು, ಮರ, ಅಂಟಿನಲ್ಲಿ ಪುಟ್ಟ ಮಾದರಿ ಕಟ್ಟುವವನು. ಅವನು ಕಟ್ಟಿದ್ದೆಲ್ಲ ಉದ್ಘಾಟನೆಯ ಫೋಟೋ ಮುಗಿದದ್ದೇ ತಡ, ಯಾವುದೋ ಗೋದಾಮು ಸೇರಿ ಧೂಳು ತಿನ್ನುತ್ತಿತ್ತು. ಈಗ ಮೊದಲ ಸಲ ಒಂದಕ್ಕೆ, ಈ ಜಂಕ್ಷನ್ನಿನ ಮಾದರಿಗೆ, ಎಂಜಿನಿಯರಿಂಗ್ ಕಾಲೇಜಿನ ಪ್ರದರ್ಶನದ ಹಾಲ್‌ನಲ್ಲಿ ಕಾಯಂ ಜಾಗ ಸಿಕ್ಕಿತ್ತು. ಆದರೆ ಹಾಲ್ ನೋಡಿಕೊಳ್ಳುವ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಬಾಗಿಲು ತೆಗೆಯುವಷ್ಟರಲ್ಲಿ ಮಾದರಿ ಬರದಿದ್ದರೆ ಆ ಮೇಜಿನ ಮೇಲೆ ಅಣೆಕಟ್ಟಿನ ಮಾದರಿ ಕೂರುತ್ತದೆ.

ಹೆಂಡತಿ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಅದರ ಹಿಂದಿನ ಸೀಟು ಮಡಚಿ, ಹಳೇ ಕಂಬಳಿ ಹಾಸಿ, ಮಾದರಿಯನ್ನು ಎಳೆಕೂಸಿನ ಹಾಗೆ ಮಲಗಿಸಿ ಇಬ್ಬರೂ ಹೊರಟರು. ಕಾಲೇಜಿಗೆ ಆ ಜಂಕ್ಷನ್ ದಾಟಿಯೇ ಹೋಗಬೇಕು.

"ನಾನೇ ಕಟ್ಟಿದ್ದು ಕಣೇ, ಕಣ್ಣು ಮುಚ್ಕೊಂಡು ದಾರಿ ಹೇಳ್ತೀನಿ."

"ಬಾಯೂ ಮುಚ್ಕೊಳ್ರೀ, ಇನ್ನೂ ಬೇಗ ತಲುಪ್ತೀವಿ."

ಆಮೇಲೆ ಅದು ಎದುರಿಗೆ ಬಂತು. ಮೇಸ್ತ್ರಿ ಬಾಯಿ ತಾನಾಗಿಯೇ ಮುಚ್ಚಿತು! ಅಂಗೈಯಲ್ಲಿ ಎತ್ತಿ ಇಳಿಸುತ್ತಿದ್ದ ಸೇತುವೆ ಈಗ ಆಕಾಶವನ್ನೇ ಅಡ್ಡ ಕಟ್ಟಿತ್ತು. ತಲೆಯ ಮೇಲೆ ಲಾರಿಗಳು ಗುಡುಗುತ್ತಿದ್ದವು.

"ರೀ, ಎಲ್ಲಿ ತಿರುಗ್ಲಿ?"

"ಬಲಕ್ಕೆ ಹೋಗ್ಬೇಕು ಅಂದ್ರೆ ಸೇತುವೆ ಕೆಳಗೆ ದಾಟಿ ಎಡಕ್ಕೆ ಸುತ್ಬೇಕು. ಇಲ್ಲೇ... ಅಯ್ಯೋ, ಹೋಯ್ತು!"

ಬೋರ್ಡು ಇದ್ದದ್ದು ತಿರುವಿನ ನೆತ್ತಿಯ ಮೇಲೆಯೇ. ಓದುವಷ್ಟರಲ್ಲಿ ವ್ಯಾನ್ ಮುಂದೆ. ಆದರೆ ಆ ಜಂಕ್ಷನ್ನಿನ ಮಹಿಮೆ ನೋಡಿ, ದಾರಿ ತಪ್ಪಿದವರನ್ನು ಅದು ಬೀದಿಪಾಲು ಮಾಡುವುದಿಲ್ಲ! ಮುಂದಿನ ಸುತ್ತು ಅವರನ್ನು ಎತ್ತಿಕೊಂಡು, ತೊಟ್ಟಿಲು ತೂಗಿದಂತೆ ಬಳಸಿ, ಒಂದೂ ಸಿಗ್ನಲ್ ಇಲ್ಲದೆ, ಒಂದು ಸಲವೂ ನಿಲ್ಲಿಸದೆ ಮೊದಲಿನ ಜಾಗಕ್ಕೇ ತಂದುಬಿಟ್ಟಿತು.

"ಬ್ರೇಕೇ ತುಳೀಲಿಲ್ಲ ಕಣ್ರೀ!" ಅಂದಳು ಹೆಂಡತಿ, ಕಣ್ಣರಳಿಸಿ.

ಎರಡನೇ ಸಲ ಕೊನೇ ಗಳಿಗೆಯಲ್ಲಿ ತಿರುವು ಕಂಡಿತು, ಹೋಗಲಾಗಲಿಲ್ಲ. ಇವರು ಎಡಕ್ಕೆ ಸರಿಯುವ ಆ ಗೇಣುದ್ದದ ಜಾಗದಲ್ಲೇ ಇನ್ನೊಂದು ಸುತ್ತಿನ ವಾಹನಗಳು ಬಲಕ್ಕೆ ನುಗ್ಗುತ್ತಿದ್ದವು. ಹೋಗುವವರಿಗೂ ಬರುವವರಿಗೂ ಒಂದೇ ಬಾಗಿಲು! ಮತ್ತೆ ಪ್ರದಕ್ಷಿಣೆ.

ಹೆಂಡತಿ ಬದಿಯ ತಂಗುಜಾಗದಲ್ಲಿ ವ್ಯಾನ್ ನಿಲ್ಲಿಸಿದಳು.

"ಬಾಗಿಲು ತೆಗೆಯೋ ಹೊತ್ತು ಹತ್ರ ಬಂತು ಕಣೇ, ಅಣೆಕಟ್ಟು ಕೂತೇಬಿಡುತ್ತೆ!"

"ಒಂದ್ನಿಮಿಷ ಸುಮ್ನಿರ್ರೀ."

ಅವಳು ಹಿಂದೆ ಹೋಗಿ ಮಂಡಿಯೂರಿ, ಮಾದರಿಯ ರಟ್ಟಿನ ರಸ್ತೆಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ಕಂಬಗಳು ಯಾಕೆ ಇಷ್ಟು ಸಣ್ಣ?"

"ನಿನ್ನ ಸ್ವೆಟರ್ ಹೆಣೆಯೋ ಸೂಜಿಗಳೇ ಅವು. ಕೆಳಗಿನ ರಸ್ತೆ ನೋಡೋರಿಗೆ ಚೆನ್ನಾಗಿ ಕಾಣ್ಲಿ ಅಂತ..."

"ಓಹೋ, ಸೂಜಿ ಕಳೆದುಹೋಗಿದ್ದು ಹೀಗೆ! ನಿಮಗೆ ಮೇಲಿಂದ ಎಲ್ಲಾ ಕಾಣುತ್ತೆ ಮಹಾರಾಯ್ರೇ. ನನಗೆ ಕಾಣೋದು ಬರೀ ಕಂಬ, ತಿರುವು ಅದರ ಹಿಂದೆ ಅಡಗಿರುತ್ತೆ."

ಮೇಸ್ತ್ರಿಯೂ ಕೆನ್ನೆ ಒತ್ತಿದ. ಸೂಜಿಯ ಮುಂದೆ ತನ್ನ ಹೆಬ್ಬೆರಳು ನಿಲ್ಲಿಸಿದ, ನಿಜವಾದ ಕಂಬದ ದಪ್ಪಕ್ಕೆ. ತಿರುವು ಮಾಯ! ಇಷ್ಟು ವರ್ಷ ಅವನು ತನ್ನ ರಸ್ತೆಗಳನ್ನು ಹಕ್ಕಿಯ ಹಾಗೆ ನೋಡಿದ್ದನೇ ಹೊರತು ಒಮ್ಮೆಯೂ ಅವುಗಳ ಮೇಲೆ ನಿಂತಿರಲಿಲ್ಲ.

"ಕಂಬಕ್ಕೆ ಮುಂಚೆಯೇ ಎಡಕ್ಕೆ ಸೇರ್ಕೋಬೇಕು, ಅಷ್ಟೇ," ಎಂದು ಹೆಂಡತಿ ಸ್ಟೀರಿಂಗ್ ಹಿಡಿದಳು. ಮೂರನೇ ಸಲ ಒಂದು ನಿಧಾನದ ಲಾರಿಯ ಬೆನ್ನು ಹಿಡಿದು, ಸೇತುವೆಯ ನೆರಳಲ್ಲೇ ಎಡಕ್ಕೆ ಜಾರಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಚೆ ಬಂದಳು. ಮೇಸ್ತ್ರಿ ಹಿಂತಿರುಗಿ ಆ ಜಂಕ್ಷನ್ನನ್ನೂ ನೋಡಿದ, ಇವಳನ್ನೂ ನೋಡಿದ. ಯಾವುದು ಹೆಚ್ಚು ದೊಡ್ಡದು ಅಂತ ಗೊತ್ತಾಗಲಿಲ್ಲ.

ಹಾಲ್‌ನಲ್ಲಿ ಮೇಡಂ ಆ ಮೇಜಿನ ಮೇಲಿಡಲು ಅಣೆಕಟ್ಟನ್ನು ಆಗಲೇ ಎತ್ತಿಸುತ್ತಿದ್ದರು.

"ಬಂದ್ವಿ, ಬಂದ್ವಿ!" ಮೇಸ್ತ್ರಿ ಏದುಸಿರು ಬಿಡುತ್ತ ಅಂದ. "ಮೇಡಂ, ಒಂದು ಉಪಕಾರ. ಇನ್ನೊಂದು ಮೇಜು ಇದ್ರ ಮೇಲೆ ಪೇರಿಸ್ತೀರಾ?"

"ಅಷ್ಟು ಎತ್ತರ ಇಟ್ರೆ ಮೇಲಿಂದ ಕಾಣಲ್ವಲ್ಲ!"

"ಕಾಣಬಾರ್ದು."

ಮೇಜಿನ ಮೇಲೆ ಮೇಜು ಏರಿ, ಮಾದರಿ ಅದರ ಮೇಲೆ ಕೂತಿತು. ಬಾಗಿಲು ತೆರೆಯುವ ಮೊದಲು ಗಂಡ ಹೆಂಡತಿ ಪ್ರತಿ ಸೂಜಿಗೂ ಬೂದು ಕಾಗದ ಸುತ್ತಿ ದಪ್ಪ ಮಾಡಿದರು. ಮೊದಲು ಒಳಬಂದ ಹುಡುಗಿ ರಸ್ತೆಯ ಮಟ್ಟಕ್ಕೆ ಕಣ್ಣು ತಂದು, "ಅಬ್ಬಾ, ಎಷ್ಟು ದೊಡ್ಡದು! ಅಯ್ಯೋ, ದಾರಿನೇ ಕಾಣಲ್ವಲ್ಲ ಇಲ್ಲಿ!" ಎಂದು ಕೂಗಿದಳು.

ಮೇಸ್ತ್ರಿಯ ಎದೆ ಉಬ್ಬಿತು. ಅವನ ಕೆಲಸವನ್ನು ಯಾರೂ ಇಷ್ಟು ಸರಿಯಾಗಿ ಹೊಗಳಿರಲಿಲ್ಲ.